ಕಾರು ವಿಮೆ ಹೋಲಿಸುವಾಗ ಪ್ರೀಮಿಯಂ ಒಂದನ್ನೇ ನೋಡಬೇಡಿ: ಐಡಿವಿ, ಡಿಡಕ್ಟಿಬಲ್, ಎನ್‌ಸಿಬಿ ಲೆಕ್ಕ

ಒಂದೇ ಕಾರಿಗೆ ಷೋರೂಮಿನವರು 18,000 ರೂ. ಹೇಳುತ್ತಾರೆ, ಮೊಬೈಲಿನಲ್ಲಿ ಹುಡುಕಿದರೆ 11,000ಕ್ಕೂ ಸಿಗುತ್ತದೆ. ಇಬ್ಬರದೂ ಸುಳ್ಳಲ್ಲ, ಮಾರುತ್ತಿರುವ ಸರಕೇ ಬೇರೆ. ಒಬ್ಬರ ಕೋಟ್‌ನಲ್ಲಿ ಐಡಿವಿ (ಕಾರಿಗೆ ಕಟ್ಟಿದ ವಿಮಾ ಮೌಲ್ಯ) ಕಡಿಮೆ ಇರುತ್ತದೆ, ಇನ್ನೊಬ್ಬರದರಲ್ಲಿ ನೀವು ಕೇಳದ ಆ್ಯಡ್-ಆನ್ (ಹೆಚ್ಚು ಹಣಕ್ಕೆ ಸೇರಿಸುವ ರಕ್ಷಣೆ) ಮೂರು ಸೇರಿರುತ್ತವೆ, ಮತ್ತೊಂದರಲ್ಲಿ ಡಿಡಕ್ಟಿಬಲ್ (ಕ್ಲೈಮ್ ಆದಾಗ ನೀವೇ ಭರಿಸುವ ಪಾಲು) ಏರಿಸಿ ಮೊತ್ತ ಇಳಿಸಿರುತ್ತಾರೆ. ಕೊನೆಯ ಸಾಲಿನ ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ರಿನ್ಯೂವಲ್‌ಗೆ ಮೂರ್ನಾಲ್ಕು ವಾರ ಇರುವಾಗಲೇ ಮೂರು-ನಾಲ್ಕು ಕಂಪನಿಗಳಿಂದ ಪೂರ್ತಿ ವಿವರ ಇರುವ ಕೋಟ್ ತರಿಸಿಕೊಂಡು ಕೂತುಕೊಳ್ಳಿ.

ಎಲ್ಲರಲ್ಲೂ ಒಂದೇ ಇರುವುದನ್ನು ಮೊದಲು ಕಳೆಯಿರಿ

ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯ ಪ್ರೀಮಿಯಂ ಸರ್ಕಾರ ಗೊತ್ತುಮಾಡಿದ ದರ, ಯಾವ ಕಂಪನಿಯಲ್ಲಿ ಕೊಂಡರೂ ಅಷ್ಟೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ 1000 ಸಿಸಿವರೆಗೆ 2,094 ರೂ., 1000ರಿಂದ 1500 ಸಿಸಿಗೆ 3,416 ರೂ., ಅದಕ್ಕಿಂತ ದೊಡ್ಡ ಎಂಜಿನ್‌ಗೆ 7,897 ರೂ. ಎಂದಿದೆ. ಇದರ ಮೇಲೆ ಶೇ 18 ಜಿಎಸ್‌ಟಿ. ಈ ಸಾಲಿನಲ್ಲಿ ಕಂಪನಿ ಕಂಪನಿಗೆ ವ್ಯತ್ಯಾಸ ಕಂಡರೆ ಎಂಜಿನ್ ಸಿಸಿ ಅಥವಾ ಅವಧಿಯನ್ನು ತಪ್ಪಾಗಿ ನಮೂದಿಸಿದ್ದಾರೆ ಎಂದೇ ಅರ್ಥ.

2018ರ ಸೆಪ್ಟೆಂಬರ್‌ನಿಂದ ಈಚೆಗೆ ಹೊಸ ಕಾರು ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ ಕಟ್ಟಿಸಿಕೊಳ್ಳುತ್ತಾರೆ. ಅಂದರೆ ಎರಡನೇ ಮತ್ತು ಮೂರನೇ ವರ್ಷ ನೀವು ಕೊಳ್ಳಬೇಕಾದ್ದು ಓಡಿ, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿಯ ವಿಮೆ ಮಾತ್ರ. ಅದನ್ನು ಬೇರೆ ಕಂಪನಿಯಿಂದಲೂ ಕೊಳ್ಳಬಹುದು. ಇದು ಗೊತ್ತಿಲ್ಲದೆ ಎರಡನೇ ವರ್ಷ ಮತ್ತೆ ಥರ್ಡ್ ಪಾರ್ಟಿ ಸೇರಿದ ಪ್ಯಾಕೇಜ್ ಕೊಂಡವರು ಕಮ್ಮಿ ಇಲ್ಲ.

ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ ಹೌದು, ಆದರೆ ಪ್ರತಿ ಗಾಡಿಗೂ ಬೇಕಿಲ್ಲ. ಬೈಕಿನ ಪಾಲಿಸಿಯಲ್ಲೋ ಪ್ರತ್ಯೇಕವಾಗಿಯೋ ಅಷ್ಟು ಮೊತ್ತದ್ದು ಈಗಾಗಲೇ ಇದ್ದರೆ ಅದನ್ನು ಘೋಷಿಸಿ ಈ ಸಾಲು ತೆಗೆಸಿ.

ಇಷ್ಟು ಕಳೆದ ಮೇಲೆ ಉಳಿಯುವುದು ಓಡಿ ಪ್ರೀಮಿಯಂ ಮತ್ತು ಆ್ಯಡ್-ಆನ್. 2007ರಿಂದ ಓಡಿ ದರ ಕಂಪನಿಗಳ ಕೈಗೇ ಬಂದಿದೆ, ಪೈಪೋಟಿ ನಡೆಯುವುದೆಲ್ಲ ಇಲ್ಲೇ. ಹಳೆಯ ಟ್ಯಾರಿಫ್‌ನ, ಅಂದರೆ ಅದಕ್ಕೂ ಮೊದಲು ಎಲ್ಲ ಕಂಪನಿಗೂ ಒಂದೇ ಎಂದು ಗೊತ್ತುಮಾಡಿದ್ದ ದರಪಟ್ಟಿಯ ಕೆಲವು ಗುರುತುಗಳು ಇನ್ನೂ ಉಳಿದಿವೆ. ಬೆಂಗಳೂರಿನಲ್ಲಿ ನೋಂದಣಿಯಾದ ಕಾರು 'ಎ' ವಲಯ, ಮೈಸೂರು, ಹುಬ್ಬಳ್ಳಿ, ಮಂಗಳೂರಿನದು 'ಬಿ' ವಲಯ. ಹಾಗಾಗಿ ಮೈಸೂರಿನ ನೆಂಟರ ಅದೇ ಮಾಡೆಲ್ ಕಾರಿನ ಪ್ರೀಮಿಯಂ ನಿಮಗಿಂತ ತುಸು ಕಡಿಮೆ ಇದ್ದರೆ ಅದಕ್ಕೆ ಅವರ ಚೌಕಾಸಿ ಕಾರಣವಾಗಿರಲೇಬೇಕೆಂದಿಲ್ಲ.

ಐಡಿವಿ ಒಂದೇ ಮಾಡಿದ ಮೇಲೇ ಹೋಲಿಕೆ

ಕಾರು ಕಳುವಾದರೆ, ಅಥವಾ ರಿಪೇರಿ ಮಾಡಲಾಗದಷ್ಟು ಜಖಂ ಆದರೆ ಕಂಪನಿ ಕೊಡುವ ಗರಿಷ್ಠ ಮೊತ್ತವೇ ಐಡಿವಿ. ಮಾಡೆಲ್‌ನ ಈಗಿನ ಪಟ್ಟಿ ಬೆಲೆಯಿಂದ ಸವಕಳಿ ಕಳೆದು ಇದನ್ನು ನಿಗದಿ ಮಾಡುತ್ತಾರೆ: ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ವರ್ಷ ದಾಟಿದ ಕಾರಿಗೆ ನೀವೂ ಕಂಪನಿಯೂ ಒಪ್ಪಿದ ಮೊತ್ತ. ಆಗ ಅದೇ ಮಾಡೆಲ್, ಅದೇ ವರ್ಷದ ಸೆಕೆಂಡ್ ಹ್ಯಾಂಡ್ ಕಾರು ನಿಮ್ಮೂರಿನಲ್ಲಿ ಎಷ್ಟಕ್ಕೆ ಹೋಗುತ್ತಿದೆ ನೋಡಿಕೊಂಡು ಕೇಳಿ.

8 ಲಕ್ಷ ಬೆಲೆಯ, ನಾಲ್ಕನೇ ವರ್ಷದಲ್ಲಿರುವ ಕಾರಿಗೆ ಈ ಲೆಕ್ಕದಲ್ಲಿ 4.8 ಲಕ್ಷ ಬರುತ್ತದೆ. ಒಂದು ಕಂಪನಿ ಅದನ್ನು 4.1 ಲಕ್ಷಕ್ಕೆ ಇಳಿಸಿ ತೋರಿಸಿದರೆ ಪ್ರೀಮಿಯಂನಲ್ಲಿ ಸಾವಿರ, ಹೆಚ್ಚೆಂದರೆ ಎರಡು ಸಾವಿರ ಉಳಿಯಬಹುದು. ಕಾರು ಕಳುವಾದರೆ ಹೋಗುವುದು 70,000. ಇನ್ನೊಂದು ಪೆಟ್ಟು ಯಾರೂ ಎಣಿಸದ್ದು. ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಕಾರನ್ನು 'ಟೋಟಲ್ ಲಾಸ್' ಎಂದು ಬರೆಯುತ್ತಾರೆ. ರಿಪೇರಿಗೆ 3.2 ಲಕ್ಷ ಆಗುತ್ತದೆ ಅಂದುಕೊಳ್ಳಿ: 4.8 ಲಕ್ಷದ ಐಡಿವಿಯಲ್ಲಿ ಗಡಿ 3.6 ಲಕ್ಷ, ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ. 4.1 ಲಕ್ಷದಲ್ಲಿ ಗಡಿ 3.07 ಲಕ್ಷ, ಅದೇ ಕಾರು ಗುಜರಿ ಲೆಕ್ಕಕ್ಕೆ ಹೋಗುತ್ತದೆ. ಹಾಗೆಂದು ಐಡಿವಿಯನ್ನು ಮಾರುಕಟ್ಟೆ ಬೆಲೆಗಿಂತ ಮೇಲಕ್ಕೆ ಎಳೆಸಿಯೂ ಲಾಭವಿಲ್ಲ, ಸಣ್ಣಪುಟ್ಟ ಕ್ಲೈಮ್‌ಗಳಲ್ಲಿ ಅದು ನಯಾಪೈಸೆ ಹೆಚ್ಚು ತಂದುಕೊಡುವುದಿಲ್ಲ. ಎಲ್ಲ ಕಂಪನಿಯ ಪುಟದಲ್ಲೂ ಐಡಿವಿ ಬದಲಿಸುವ ಜಾಗ ಇರುತ್ತದೆ. ಎಲ್ಲದರಲ್ಲೂ ಒಂದೇ ಮೊತ್ತ ಹಾಕಿ, ಆಮೇಲೆ ಓಡಿ ಎಷ್ಟೆಂದು ಬರೆದುಕೊಳ್ಳಿ.

ಡಿಡಕ್ಟಿಬಲ್ ಏರಿಸಿದರೆ ನಿಜಕ್ಕೂ ಎಷ್ಟು ಉಳಿಯುತ್ತದೆ?

ಪ್ರತಿ ಕ್ಲೈಮ್‌ನಲ್ಲಿ ಮೊದಲ ಇಷ್ಟು ರೂಪಾಯಿ ನಿಮ್ಮದು ಎನ್ನುವುದೇ ಡಿಡಕ್ಟಿಬಲ್. ಕಡ್ಡಾಯದ್ದು 1500 ಸಿಸಿವರೆಗಿನ ಕಾರಿಗೆ 1,000 ರೂ., ಮೇಲಿನದಕ್ಕೆ 2,000 ರೂ. ಗ್ಯಾರೇಜಿನವರು 'ಫೈಲ್ ಚಾರ್ಜ್' ಎಂದು ಕೇಳುವುದು ಬಹುತೇಕ ಇದನ್ನೇ. ಇದನ್ನು ತಪ್ಪಿಸಲು ಬರುವುದಿಲ್ಲ. ಇದರ ಮೇಲೆ ನೀವಾಗಿ ಒಪ್ಪಿಕೊಳ್ಳುವುದು ವಾಲಂಟರಿ ಡಿಡಕ್ಟಿಬಲ್, ಒಪ್ಪಿದ್ದಕ್ಕೆ ಓಡಿಯಲ್ಲಿ ರಿಯಾಯಿತಿ. ಹಲವು ಕಂಪನಿಗಳು ಇಂದಿಗೂ ಹಳೆಯ ಟ್ಯಾರಿಫ್‌ನ ಮೆಟ್ಟಿಲುಗಳನ್ನೇ ಬಳಸುತ್ತವೆ: 2,500ಕ್ಕೆ ಶೇ 20 (ಗರಿಷ್ಠ 750 ರೂ.), 5,000ಕ್ಕೆ ಶೇ 25 (ಗರಿಷ್ಠ 1,500), 7,500ಕ್ಕೆ ಶೇ 30 (ಗರಿಷ್ಠ 2,000), 15,000ಕ್ಕೆ ಶೇ 35 (ಗರಿಷ್ಠ 2,500).

ಶೇಕಡಾವಾರು ಆಕರ್ಷಕವಾಗಿದೆ, ಆವರಣದೊಳಗಿನ ಮಿತಿ ನೋಡಿ. 5,000ದ ಡಿಡಕ್ಟಿಬಲ್‌ಗೆ ಹೆಚ್ಚೆಂದರೆ 1,500, ಜಿಎಸ್‌ಟಿ ಸೇರಿ 1,770 ಉಳಿಯುತ್ತದೆ. 5,000ವನ್ನು 1,770ರಿಂದ ಭಾಗಿಸಿದರೆ 2.8. ಅಂದರೆ ಸುಮಾರು ಮೂರು ವರ್ಷ ಒಂದೂ ಕ್ಲೈಮ್ ಮಾಡದಿದ್ದರೆ ಲೆಕ್ಕ ಸರಿಸಮ, ಆಮೇಲಿನದು ಲಾಭ. 15,000ದ ಮೆಟ್ಟಿಲಿಗೆ ಇದೇ ಲೆಕ್ಕ ಐದು ವರ್ಷ ದಾಟುತ್ತದೆ.

ಇಲ್ಲೊಂದು ಕೊಕ್ಕೆ ಇದೆ. ರಿಯಾಯಿತಿಗಳ ಸಾಲಿನಲ್ಲಿ ಎನ್‌ಸಿಬಿ, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಡಿಡಕ್ಟಿಬಲ್ ರಿಯಾಯಿತಿ ಕಳೆದು ಉಳಿದ ಓಡಿಯ ಮೇಲೆ ಎನ್‌ಸಿಬಿ ಲೆಕ್ಕ ಹಾಕುತ್ತಾರೆ. ನಿಮಗೆ ಶೇ 50 ಎನ್‌ಸಿಬಿ ಇದ್ದರೆ 1,500 ರೂ. ಉಳಿತಾಯ 750ಕ್ಕೆ ಇಳಿಯುತ್ತದೆ, ಜಿಎಸ್‌ಟಿ ಸೇರಿ 885. ಆಗ 5,000 ವಾಪಸ್ ಬರಲು ಐದೂವರೆ ವರ್ಷಕ್ಕೂ ಹೆಚ್ಚು ಬೇಕು, 15,000ಕ್ಕೆ ಹತ್ತು ವರ್ಷ. ಐದು ವರ್ಷ ಕ್ಲೈಮ್ ಇಲ್ಲದೆ ಓಡಿಸಿದ ಜಾಗರೂಕ ಚಾಲಕನೇ 'ನನಗೆ ಹೇಗೂ ಆಕ್ಸಿಡೆಂಟ್ ಆಗಲ್ಲ, ಡಿಡಕ್ಟಿಬಲ್ ಏರಿಸಿಬಿಡೋಣ' ಎನ್ನುವುದು. ಅವನಿಗೇ ಇದರಿಂದ ಸಿಗುವುದು ಅತಿ ಕಡಿಮೆ. ಪೂರ್ತಿ ರಿಯಾಯಿತಿ ಸಿಗುವುದು ಎನ್‌ಸಿಬಿ ಸೊನ್ನೆಗೆ ಬಂದವನಿಗೆ, ಅಂದರೆ ಈಚೆಗೆ ಕ್ಲೈಮ್ ಮಾಡಿದವನಿಗೋ ಹೊಸಬನಿಗೋ.

ಕಂಪನಿಗಳು ತಮ್ಮದೇ ದರ ಇಡಬಹುದಾದ್ದರಿಂದ ಯಾರ ಬಾಯಿಮಾತನ್ನೂ ನಂಬದೆ ಒಂದು ಪರೀಕ್ಷೆ ಮಾಡಿ. ಕೋಟ್ ಪುಟದಲ್ಲಿ ವಾಲಂಟರಿ ಡಿಡಕ್ಟಿಬಲ್ ಸೊನ್ನೆ ಇಟ್ಟು ಕೊನೆಯ ಮೊತ್ತ ಬರೆದುಕೊಳ್ಳಿ, ಆಮೇಲೆ 5,000 ಇಟ್ಟು ಬರೆದುಕೊಳ್ಳಿ. ವ್ಯತ್ಯಾಸದಿಂದ 5,000ವನ್ನು ಭಾಗಿಸಿ. ಉತ್ತರ ನಾಲ್ಕಕ್ಕಿಂತ ಕೆಳಗಿದ್ದರೆ ಯೋಚಿಸಬಹುದು, ಮೇಲಿದ್ದರೆ ಬಿಟ್ಟುಬಿಡಿ. 15,000ದ ಮೆಟ್ಟಿಲು ಈ ಪರೀಕ್ಷೆಯಲ್ಲಿ ಪಾಸಾಗುವುದು ಅಪರೂಪ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತೇ ಇರುವ ಎರಡನೇ ಕಾರಾದರೆ, ಓಡಿದ ಕಿಲೋಮೀಟರಿಗೆ ತಕ್ಕಂತೆ ಹಣ ಕಟ್ಟುವ 'ಪೇ ಆ್ಯಸ್ ಯೂ ಡ್ರೈವ್' ಪಾಲಿಸಿ ನೋಡುವುದು ಮೇಲು. ಕಿ.ಮೀ. ಮಿತಿ ದಾಟಿದರೆ ಓಡಿ ರಕ್ಷಣೆ ನಿಲ್ಲುತ್ತದೋ, ಟಾಪ್-ಅಪ್ ಮಾಡಬಹುದೋ ಎನ್ನುವುದನ್ನು ಮಾತ್ರ ಕೊಳ್ಳುವ ಮೊದಲೇ ಓದಿ.

ಡಿಡಕ್ಟಿಬಲ್ ವರ್ಷಕ್ಕೆ ಒಮ್ಮೆ ಅಲ್ಲ, ಪ್ರತಿ ಘಟನೆಗೂ ಹಿಡಿಯುತ್ತಾರೆ. ಮುಂದಿನ ಬಂಪರ್‌ಗೆ ಹಂಪ್ ತಾಗಿದ್ದು, ಹಿಂದಿನ ಬಾಗಿಲಿಗೆ ಬೈಕು ಗೀರಿದ್ದು ಎರಡನ್ನೂ ಒಟ್ಟಿಗೆ ಮಾಡಿಸೋಣ ಎಂದು ಗಾಡಿ ಬಿಟ್ಟರೆ ಹಾನಿ ಅಳೆಯಲು ಬರುವ ಸರ್ವೇಯರ್ ಪೆಟ್ಟಿನ ದಿಕ್ಕು, ತುಕ್ಕು, ಧೂಳು ನೋಡಿ ಎರಡು ಕ್ಲೈಮ್ ಮಾಡಿಸುತ್ತಾರೆ. ಎರಡು ಸಲ ಡಿಡಕ್ಟಿಬಲ್ ಕಡಿತ, ಜೊತೆಗೆ ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಆ್ಯಡ್-ಆನ್) ಇದ್ದರೆ ಅದರ ಎರಡು ಅವಕಾಶವೂ ಖರ್ಚು.

ಕಾಣದ ಡಿಡಕ್ಟಿಬಲ್: ಎನ್‌ಸಿಬಿ

ಒಂದು ವರ್ಷ ಕ್ಲೈಮ್ ಇಲ್ಲದಿದ್ದರೆ ಓಡಿಯಲ್ಲಿ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಒಂದು ಕ್ಲೈಮ್ ಆಯಿತೆಂದರೆ ಮತ್ತೆ ಸೊನ್ನೆಯಿಂದ. ಎನ್‌ಸಿಬಿ ಕಳೆಯುವ ಮೊದಲು ಓಡಿ 8,000 ರೂ. ಇರುವ ಕಾರು, ಈಗ ಶೇ 35ರಲ್ಲಿದೆ ಎನ್ನೋಣ. ಕ್ಲೈಮ್ ಮಾಡದಿದ್ದರೆ ಮುಂದಿನ ವರ್ಷ 4,400, ಆಮೇಲೆ ಪ್ರತಿ ವರ್ಷ 4,000 ಕಟ್ಟುತ್ತೀರಿ. ಕ್ಲೈಮ್ ಮಾಡಿದರೆ ಕ್ರಮವಾಗಿ 8,000, 6,400, 6,000, 5,200, 4,400. ಐದು ವರ್ಷದ ವ್ಯತ್ಯಾಸ 9,600, ಜಿಎಸ್‌ಟಿ ಸೇರಿ 11,328 ರೂ. ಐಡಿವಿ ವರ್ಷವರ್ಷ ಇಳಿಯುವುದರಿಂದ ನಿಜದಲ್ಲಿ ಇದು ಸ್ವಲ್ಪ ಕಮ್ಮಿಯಾದೀತು. ಆದರೂ ಹತ್ತು ಸಾವಿರದ ಆಸುಪಾಸಿನ ಬಿಲ್ಲನ್ನು ಕೈಯಿಂದಲೇ ಕೊಡುವುದು ಲೇಸು. ಬಂಪರ್ ಬಣ್ಣ, ಒಂದು ಬಾಗಿಲಿನ ಟಿಂಕರಿಂಗ್ ಇಂಥವು ಕ್ಲೈಮ್‌ಗೆ ತಕ್ಕುದಲ್ಲ. ವಾಲಂಟರಿ ಡಿಡಕ್ಟಿಬಲ್ ತೆಗೆದುಕೊಳ್ಳದಿದ್ದರೂ ನಿಮ್ಮ ಮೇಲೆ ಹತ್ತು ಸಾವಿರದ ಡಿಡಕ್ಟಿಬಲ್ ಆಗಲೇ ಕೂತಿದೆ.

ಎನ್‌ಸಿಬಿ ಕಾರಿನದಲ್ಲ, ಮಾಲೀಕನದು. ಕಂಪನಿ ಬದಲಿಸಿದರೂ ಜೊತೆಗೇ ಬರುತ್ತದೆ. ಹಳೆ ಕಾರು ಮಾರಿದಾಗ ಎನ್‌ಸಿಬಿ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು, ಹೊಸ ಕಾರಿನ ಓಡಿ ದೊಡ್ಡದಿರುವುದರಿಂದ ಅದು ಸಾವಿರಾರು ರೂಪಾಯಿಯ ಕಾಗದ. ಪಾಲಿಸಿ ಮುಗಿದು 90 ದಿನ ದಾಟಿದರೆ ಇದ್ದದ್ದೂ ಹೋಗುತ್ತದೆ. ಕಳೆದ ವರ್ಷ ಕ್ಲೈಮ್ ಮಾಡಿ ಈ ವರ್ಷ 'ಇಲ್ಲ' ಎಂದು ಟಿಕ್ ಹಾಕುವುದು ಮಾತ್ರ ಬೇಡ. ಕಂಪನಿಗಳು ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಳ್ಳುತ್ತವೆ, ಸಿಕ್ಕಿಬಿದ್ದರೆ ಓಡಿ ಕ್ಲೈಮೇ ಕೈತಪ್ಪುತ್ತದೆ.

ಒಂದು ಬಿಲ್ಲು ಬಿಡಿಸಿ ನೋಡೋಣ

ಮೂರೂವರೆ ವರ್ಷದ 1200 ಸಿಸಿ ಕಾರು, ಮುಂಭಾಗಕ್ಕೆ ಪೆಟ್ಟು. ಬಂಪರ್ 6,000, ಹೆಡ್‌ಲ್ಯಾಂಪ್ 9,000, ಬಾನೆಟ್ 8,000, ಪೇಂಟಿಂಗ್ 12,000, ಕೂಲಿ 5,000, ಕೂಲೆಂಟ್, ಕ್ಲಿಪ್, ಬೋಲ್ಟು ಇತ್ಯಾದಿ 1,500. ಒಟ್ಟು 41,500 ರೂ.

ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಶೇ 50 ಸವಕಳಿ: ಬಂಪರ್‌ನಲ್ಲಿ 3,000, ಹೆಡ್‌ಲ್ಯಾಂಪ್‌ನಲ್ಲಿ 4,500 ನಿಮ್ಮದು. ಲೋಹಕ್ಕೆ ಕಾರಿನ ವಯಸ್ಸು ನೋಡುತ್ತಾರೆ; ಮೂರರಿಂದ ನಾಲ್ಕು ವರ್ಷಕ್ಕೆ ಶೇ 25, ಬಾನೆಟ್‌ನಲ್ಲಿ 2,000. ಪೇಂಟಿಂಗ್ ಬಿಲ್ಲಿನ ಕಾಲುಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರ ಅರ್ಧ, ಅಂದರೆ 1,500. ಕೂಲಿಗೆ ಕಡಿತವಿಲ್ಲ. ಕೂಲೆಂಟ್, ಕ್ಲಿಪ್ಪಿನ 1,500 ಪೂರ್ತಿ ನಿಮ್ಮದೇ. ಮೇಲೆ ಕಡ್ಡಾಯದ 1,000. ಕೂಡಿದರೆ 13,500 ಕೈಯಿಂದ ಹೋಗುತ್ತದೆ.

ಝೀರೋ ಡೆಪ್ ಇದ್ದಿದ್ದರೆ 2,500, ಅದರ ಜೊತೆ ಕನ್ಸ್ಯೂಮಬಲ್ಸ್ ಆ್ಯಡ್-ಆನ್ ಕೂಡ ಇದ್ದರೆ 1,000. ಇದೇ ಬಿಲ್ಲಿಗೆ 5,000ದ ವಾಲಂಟರಿ ಡಿಡಕ್ಟಿಬಲ್ ಇದ್ದಿದ್ದರೆ ಝೀರೋ ಡೆಪ್ ಇಲ್ಲದವರು 18,500 ಕೊಡಬೇಕಿತ್ತು. ಐದು ವರ್ಷದೊಳಗಿನ ಕಾರಿಗೆ ಪ್ರೀಮಿಯಂ ಇಳಿಸಲೇಬೇಕೆಂದರೆ ಬೇರೇನಾದರೂ ಬಿಡಿ, ಝೀರೋ ಡೆಪ್ ಬಿಡಬೇಡಿ. ಬೀಗದ ಕೀ ಕಳೆದರೆ ಹಣ, ಸಾಮಾನು ಕಳೆದರೆ ಹಣ ಎನ್ನುವ ಆ್ಯಡ್-ಆನ್‌ಗಳು ಮೊದಲು ಹೋಗಲಿ. ಎರಡು-ಮೂರು ವರ್ಷದೊಳಗಿನ ಕಾರಿಗೆ ರಿಟರ್ನ್ ಟು ಇನ್‌ವಾಯ್ಸ್ ಯೋಗ್ಯ, ಕಳುವಾದಾಗ ಐಡಿವಿಗೂ ಕೊಂಡ ಬೆಲೆಗೂ ಇರುವ ಅಂತರ ತುಂಬುತ್ತದೆ.

ಎಂಜಿನ್ ಪ್ರೊಟೆಕ್ಟ್ ಬೇಕೋ ಬೇಡವೋ ಎನ್ನುವುದು ನೀವಿರುವ ಜಾಗ ಹೇಳುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಬೇಸ್‌ಮೆಂಟಿನಲ್ಲಿದ್ದ ಕಾರುಗಳು ಮುಳುಗಿದ್ದವು. ನೆರೆ ಸಾಮಾನ್ಯ ಓಡಿಯಲ್ಲೇ ಒಳಗೊಂಡಿದೆ; ಆದರೆ ನೀರು ನುಗ್ಗಿದ ಮೇಲೆ ಕೀ ತಿರುಗಿಸಿದರೆ ಸಿಲಿಂಡರಿಗೆ ನೀರು ಸೇರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅದನ್ನು 'ಆನಂತರದ ಹಾನಿ' ಎಂದು ಸಾದಾ ಪಾಲಿಸಿ ತಳ್ಳಿಹಾಕುತ್ತದೆ. ಆ್ಯಡ್-ಆನ್ ಇದ್ದರೂ ಇಲ್ಲದಿದ್ದರೂ ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ. ಫೋಟೋ ತೆಗೆದು, ಕಂಪನಿಗೆ ತಿಳಿಸಿ, ಟೋ ಮಾಡಿಸಿ.

ಹೆಸರು ಒಂದೇ ಇದ್ದರೂ ಆ್ಯಡ್-ಆನ್‌ನ ಷರತ್ತು ಒಂದೇ ಇರುವುದಿಲ್ಲ. ವರ್ಷಕ್ಕೆ ಎಷ್ಟು ಝೀರೋ ಡೆಪ್ ಕ್ಲೈಮ್ (ಎರಡಕ್ಕೆ ನಿಲ್ಲಿಸುವವರು ಬಹಳ), ಟಯರ್-ಬ್ಯಾಟರಿ ಸೇರಿದೆಯೇ, ಝೀರೋ ಡೆಪ್‌ಗೆಂದೇ ಇನ್ನೊಂದು ಡಿಡಕ್ಟಿಬಲ್ ಹಾಕಿದ್ದಾರೆಯೇ, ಕಂಪನಿಯ ಜೊತೆ ಒಪ್ಪಂದವಿರುವ ನೆಟ್‌ವರ್ಕ್ ಗ್ಯಾರೇಜಿನ ಹೊರಗೆ ಮಾಡಿಸಿದರೆ ಏನಾಗುತ್ತದೆ, ಈ ನಾಲ್ಕನ್ನು ಪಾಲಿಸಿ ವರ್ಡಿಂಗ್‌ನಲ್ಲಿ ಹುಡುಕಿ.

ಕಂಪನಿಯನ್ನು ಅಳೆಯುವುದು

ಜಾಹೀರಾತಿನ 'ಶೇ 98 ಕ್ಲೈಮ್ ಇತ್ಯರ್ಥ' ಎನ್ನುವ ಅಂಕಿ ಬದಿಗಿಡಿ. ಇತ್ಯರ್ಥ ಎಂದರೆ ಕೇಳಿದ್ದನ್ನೆಲ್ಲ ಕೊಟ್ಟರು ಎಂದಲ್ಲ, 41,500 ಕೇಳಿದವರಿಗೆ 20,000 ಕೊಟ್ಟರೂ ಅದು ಇತ್ಯರ್ಥವೇ. 'ಇನ್‌ಕರ್ಡ್ ಕ್ಲೈಮ್ಸ್ ರೇಷಿಯೋ' ಎನ್ನುವುದು ಬೇರೆಯೇ ಲೆಕ್ಕ, ಬಂದ ಪ್ರೀಮಿಯಂಗೆ ಕ್ಲೈಮ್ ಖರ್ಚಿನ ಅನುಪಾತ ಅಷ್ಟೇ. ಪ್ರತಿ ಕಂಪನಿಯೂ ತನ್ನ ವೆಬ್‌ಸೈಟಿನ 'ಪಬ್ಲಿಕ್ ಡಿಸ್‌ಕ್ಲೋಷರ್ಸ್' ಭಾಗದಲ್ಲಿ ಕ್ಲೈಮ್ ಅಂಕಿ, ಅವು ಎಷ್ಟು ಕಾಲ ಬಾಕಿ ಉಳಿದಿವೆ, ಎಷ್ಟು ದೂರು ಬಂದಿವೆ ಎಂಬುದನ್ನು ಹಾಕಲೇಬೇಕು. ಎನ್‌ಎಲ್-37, ಎನ್‌ಎಲ್-39, ಎನ್‌ಎಲ್-45 ಎಂಬ ಫಾರಂಗಳಲ್ಲಿ ಮೋಟಾರ್ ಸಾಲನ್ನು ಮಾತ್ರ ನೋಡಿ.

ಇದಕ್ಕಿಂತ ಬೆಲೆಯುಳ್ಳ ಮಾಹಿತಿ ನಿಮ್ಮ ಸರ್ವಿಸ್ ಸೆಂಟರಿನ ಬಾಡಿ ಶಾಪ್ ಅಡ್ವೈಸರ್ ಹತ್ತಿರ ಇರುತ್ತದೆ. 'ಇಲ್ಲಿ ಯಾವ ಕಂಪನಿದು ಕ್ಯಾಶ್‌ಲೆಸ್ ತಕರಾರಿಲ್ಲದೆ ಆಗುತ್ತೆ? ಅಪ್ರೂವಲ್‌ಗೆ ಯಾರು ಸತಾಯಿಸ್ತಾರೆ?' ಎಂದು ಕೇಳಿ, ಇನ್ಶೂರೆನ್ಸ್ ಮಾರುವ ಕೌಂಟರಿನಲ್ಲಿ ಕೇಳಬೇಡಿ. ಬೆಂಗಳೂರಿನಲ್ಲಿ ಹತ್ತಾರು ಗ್ಯಾರೇಜ್ ಇರುವ ಕಂಪನಿಗೆ ಹಾಸನದಲ್ಲೋ ಬೀದರ್‌ನಲ್ಲೋ ಒಂದೂ ಇಲ್ಲದಿರಬಹುದು. ಆಗ ಬಿಲ್ಲು ನೀವು ಕಟ್ಟಿ ಆಮೇಲೆ ವಸೂಲಿ ಮಾಡಿಕೊಳ್ಳಬೇಕು.

ಕ್ಲೈಮ್ ಎಲ್ಲಿ ಮುರಿದುಬೀಳುತ್ತದೆ

ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದಾಗ ಆದ ಅಪಘಾತ, ಕುಡಿದು ಓಡಿಸಿದ್ದು, ಚಾಲನೆಯಲ್ಲಿದ್ದವರ ಲೈಸೆನ್ಸ್ ಅವಧಿ ಮುಗಿದಿದ್ದು, ಇವು ಕಣ್ಣಿಗೆ ಕಾಣುವ ಕಾರಣಗಳು. ಕಾಣದೆ ಕೂರುವವೂ ಇವೆ. ಹೊರಗೆ ಹಾಕಿಸಿದ ಸಿಎನ್‌ಜಿ ಕಿಟ್ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ದಾಖಲಾಗಿರಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸದಿದ್ದರೆ ಥರ್ಡ್ ಪಾರ್ಟಿ ಉಳಿಯುತ್ತದೆ, ಓಡಿ ನಿಲ್ಲುತ್ತದೆ. ಪಾಲಿಸಿ ಒಂದು ದಿನ ಲ್ಯಾಪ್ಸ್ ಆದರೂ ಕಾರು ತಪಾಸಣೆ ಆಗುವವರೆಗೆ ಓಡಿ ಸಿಗುವುದಿಲ್ಲ. ಅಷ್ಟರಲ್ಲಿ ರಸ್ತೆಗಿಳಿದು ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂ. ದಂಡ. ಸರ್ವೇಯರ್ ನೋಡುವ ಮೊದಲೇ ಗ್ಯಾರೇಜಿನಲ್ಲಿ ಭಾಗ ಬಿಚ್ಚಿಸುವುದೂ ತಪ್ಪು.

ಕಡಿತ ಅನ್ಯಾಯ ಅನ್ನಿಸಿದರೆ ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ, ಯಾವ ಭಾಗಕ್ಕೆ ಎಷ್ಟು ಸವಕಳಿ ಹಾಕಿದ್ದಾರೆ ಎಂದು ಮೇಲಿನ ಲೆಕ್ಕದಂತೆ ತಾಳೆ ನೋಡಿ, ಕಂಪನಿಯ ದೂರು ವಿಭಾಗಕ್ಕೆ ಇಮೇಲ್‌ನಲ್ಲಿ ಬರೆಯಿರಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐಯ 'ಬಿಮಾ ಭರೋಸಾ' ಪೋರ್ಟಲಿನಲ್ಲೂ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ನಡೆಯುತ್ತದೆ. ಪಾಲಿಸಿ, ಗ್ಯಾರೇಜಿನ ಎಸ್ಟಿಮೇಟ್, ಅಂತಿಮ ಬಿಲ್ಲು, ಸರ್ವೇ ವರದಿ, ಕಂಪನಿಗೆ ಬರೆದ ದೂರಿನ ಪ್ರತಿ ಇಷ್ಟನ್ನು ಜೊತೆಗಿಟ್ಟರೆ ಸಾಕು.